ಅಲುಗಾಡಿಸಬಾರದ ಡಬ್ಬಿ

ಸೆಪ್ಟೆಂಬರ್ 28, ರವಿವಾರ. ಬಸವಕಲ್ಯಾಣ

ಸೀಮೆಎಣ್ಣೆಯಲ್ಲಿ ನೆನೆದಿದ್ದ, ಹಳಿಯ ಕೀಲು ಬಡಿಯುವ ಕೀಮನ್ ಸುತ್ತಿಗೆಯನ್ನು ಹೊರತೆಗೆದೆ. ತಂತಿಯ ಬ್ರಷ್ ಬಳಸಲಿಲ್ಲ, ಬಟ್ಟೆ ಮಾತ್ರ. ತುಕ್ಕು ಹೋಗಬೇಕು, ಅಚ್ಚೊತ್ತಿದ ಅಕ್ಷರ ಉಳಿಯಬೇಕು. ನಿಜಾಮರ ರೈಲ್ವೆಯ ಗುರುತು ಸ್ಪಷ್ಟವಾಗಿ ಎದ್ದು ಬಂತು. ಗೋಡೆಯ ಮೇಲೆ, ಜಲ್ಲಿ ಬಡಿಯುವ ಬೀಟರಿನ ಪಕ್ಕದಲ್ಲಿ ಅದರ ಸ್ಥಾನ.

ಮುಡಬಿಯ ಮಹೆಬೂಬ ಚಾಚಾ ಕೊಟ್ಟ ಗೋಣಿಚೀಲದಲ್ಲಿ ಇನ್ನು ಉಳಿದಿರುವುದು ಒಂದು ತಗಡಿನ ಡಬ್ಬಿ. ಭಾಲ್ಕಿ ಕಡೆಯ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ಸೇರಿ, ಗ್ಯಾಂಗಿನ ಮುಖ್ಯಸ್ಥರಾಗಿ, ಅಂದರೆ ಮುಕಾದಮರಾಗಿ ನಿವೃತ್ತರಾದವರು ಅವರು. ಹಳೆಯ ರೈಲ್ವೆ ಉಪಕರಣಗಳ ನನ್ನ ಸಂಗ್ರಹದ ಅರ್ಧಭಾಗ ಅವರದೇ. ಪ್ರತಿ ಉಪಕರಣದ ಕೆಳಗೆ ಚೀಟಿ: ಹೆಸರು, ಉಪಯೋಗ, ಕೊಟ್ಟವರು.

ಡಬ್ಬಿಯ ಮುಚ್ಚಳ ತುಕ್ಕಿನಿಂದ ಕಚ್ಚಿಕೊಂಡಿದೆ. ಒಳಗೆ ಏನೋ ಗಡಗಡ ಸದ್ದು. ಮರದ ಸುತ್ತಿಗೆಯಿಂದ ಸುತ್ತಲೂ ಬಡಿದು ನೋಡಿದೆ. ಬಿಡಲಿಲ್ಲ.

ಅಕ್ಟೋಬರ್ 12ಕ್ಕೆ ಮಹಡಿಯ ಕೋಣೆಯನ್ನು ಜನರಿಗೆ ತೆರೆಯುವುದೆಂದು ನಿಶ್ಚಯ. ಹೆಂಡತಿ ವಿದ್ಯಾವತಿ ಚಹಾ ಕೊಡುತ್ತ ಹೇಳಿದಳು: “ರೈಲ ಬರಲಾರದ ಊರಾಗ ರೈಲಿನ ಸಾಮಾನು ಯಾರ ನೋಡಾಕ ಬರ್ತಾರ್ರೀ?” ಪ್ರಶ್ನೆ ನ್ಯಾಯವಾದದ್ದೇ.

ಅಕ್ಟೋಬರ್ 1, ಬುಧವಾರ. ಸಂಜೆ

ಆಯುಧಪೂಜೆ. ಪ್ರತಿ ಉಪಕರಣಕ್ಕೂ ವಿಭೂತಿ, ಕುಂಕುಮ, ಒಂದು ಚೆಂಡುಹೂವು. ವಿದ್ಯಾವತಿಯ ಕೆಲಸ, ನಾನು ಅಡ್ಡ ಬರುವುದಿಲ್ಲ. ಈ ಸಲ ಒಂದು ಹೆಜ್ಜೆ ಮುಂದೆ ಹೋಗಿದ್ದಾಳೆ. ಪೂಜೆಯ ಹಿತ್ತಾಳೆ ಪಾತ್ರೆಗಳ ಜೊತೆಗೆ ಆ ಡಬ್ಬಿಯನ್ನೂ ಹುಣಸೆಹುಳಿಯಿಂದ ತಿಕ್ಕಿ, ಹಲಗೆಯ ಮೇಲೆ, ಎರಡು ದೀಪಗಳ ನಡುವೆ ಇಟ್ಟಿದ್ದಳು.

ಕರ್ಪೂರ ಹಚ್ಚಿದಾಗ ಮುಚ್ಚಳದ ಮೇಲಿನ ಉಬ್ಬು ಅಕ್ಷರ ಓದಲು ಬಂತು. ಫಾಗ್ ಸಿಗ್ನಲ್ಸ್.

ರೈಲಿನವರು ಪಟಾಕಿ ಎನ್ನುತ್ತಾರೆ. ಮಂಜು ಕವಿದಾಗ, ಮುಂದೆ ಅಪಾಯವಿದ್ದಾಗ ಹಳಿಗೆ ಕಟ್ಟುವುದು. ಗಾಲಿ ಹತ್ತಿದೊಡನೆ ಸಿಡಿಯುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ. ಹಳೆಯದಾದಷ್ಟೂ ಯಾವಾಗ ಸಿಡಿಯುತ್ತದೋ ನಂಬಲಾಗದು. ನಾನು ಅದನ್ನು ಸುತ್ತಿಗೆಯಿಂದ ಬಡಿದಿದ್ದೇನೆ.

ಎರಡೂ ಕೈಯಲ್ಲಿ ಎತ್ತಿ ಮಾಳಿಗೆಗೆ ಒಯ್ದೆ. ಒಣ ಮರಳಿನ ಬಕೆಟ್. ಮೇಲೆ ನೆರಳಿಗೆ ತಗಡು.

“ಯಾಕ್ರೀ, ಮಂಗಳಾರತಿ ಮುಗಿದಿಲ್ಲಲ್ಲ?”

“ದೀಪದ ಕಾವು ತಾಗಿದರ ಕೆಡ್ತದ,” ಎಂದೆ. ಸುಳ್ಳಲ್ಲ.

ಅಕ್ಟೋಬರ್ 2, ಗುರುವಾರ

ಬನ್ನಿ ಕೊಡಲು ಬಂದವರು ಬಹಳ. ಮಕ್ಕಳು ಮಾಳಿಗೆಗೆ ಹತ್ತಲು ಹೊರಟವು. ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡೆ. ಬನ್ನಿ ಎಲೆಯ ಬದಲು ಒಬ್ಬರ ಕೈಗೆ ಕೀಲಿ ಕೊಡಲಿದ್ದೆ…

ಮಧ್ಯಾಹ್ನ, ಚಾಚಾರ ಹೆಸರಿದ್ದ ಚೀಟಿಗಳನ್ನೆಲ್ಲ ಗೋಡೆಯಿಂದ ತೆಗೆದೆ.

ಅಕ್ಟೋಬರ್ 3, ಶುಕ್ರವಾರ. ಹುಮನಾಬಾದ್, ಕಾರ್ಖಾನೆ

ಊಟದ ಹೊತ್ತಿನಲ್ಲಿ ನಮ್ಮ ಸೇಫ್ಟಿ ವಿಭಾಗದ ಬಸವಕಿರಣನನ್ನು ಕೇಳಿದೆ: ಪರಿಚಯದವರೊಬ್ಬರ ಮನೆಯಲ್ಲಿ ಇಂಥದೊಂದು ಸಿಕ್ಕರೆ?

“ಮುಟ್ಟಬ್ಯಾಡ್ರಿ ಸರ. ಪೊಲೀಸರಿಗೆ ಹೇಳ್ಬೇಕು. ಬೀದರದಿಂದ ಬಾಂಬಿನವರ ಗಾಡಿ ಬರ್ತದ, ಓಣಿ ಖಾಲಿ ಮಾಡಸ್ತಾರ.”

“ಆಮ್ಯಾಲ?”

“ಆಮ್ಯಾಲೇನ್ರಿ, ಯಾರ ಕೊಟ್ಟರು ಅಂತ ಕೇಳ್ತಾರ. ಕೊಟ್ಟಾಂವನ ಮನಿಗಿ ಹೋಗ್ತಾರ. ಟೀವಿಯವರು ಅವರಕಿಂತ ಮೊದಲ ಹೋಗ್ತಾರ.” ನಕ್ಕು, ರೊಟ್ಟಿ ಮುರಿದ. “ಯಾಕ್ರಿ ಸರ, ಬೆವರಾಕತ್ತೀರಿ?”

“ಖಾರ ಹೆಚ್ಚಾಗ್ಯಾದ.”

ಮಹೆಬೂಬ ಎಂಬ ಹೆಸರನ್ನು ಅವನ ಆ ಮಾತಿನೊಳಗೆ ಇಟ್ಟು ನೋಡಿದೆ. ಊಟದ ಡಬ್ಬಿ ಮುಚ್ಚಿದೆ.

ಚಾಚಾಗೆ ಕಿವಿ ಮಂದ. ಫೋನಿನಲ್ಲಿ ಕೂಗಿ ಕೇಳುವ ವಿಷಯವಲ್ಲ. ರವಿವಾರ ಮುಡಬಿಗೆ ಹೋಗುವುದು. ಅನುಮಾನ ಉಳಿದರೆ ಅಂದೇ ಠಾಣೆಗೆ — ಗುಜರಿಯಲ್ಲಿ ಕೊಂಡೆ ಎಂದು ನನ್ನ ಹೆಸರಿನಲ್ಲಿಯೇ ಹೇಳುವುದು.

ಅಕ್ಟೋಬರ್ 5, ರವಿವಾರ. ಸಂಜೆ

ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಚಾಚಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಕಿವಿಯ ಹತ್ತಿರ ಬಾಗಿ ಕೇಳಿದೆ. ಅವರಿಗೆ ಸಿಟ್ಟು ಬಂತು.

“ಪಟಾಕಿ ಮನ್ಯಾಗ ಇಟ್ಕೊಳಾಕ ನನಗ ಹುಚ್ಚ ಹಿಡಿದಿತ್ತೇನ್ರಿ ಇಂಜಿನಿಯರ್ ಸಾಬ್? ರಿಟೈರ್ ಆಗೋ ದಿನ ಸಾಹೇಬರು ಒಂದೊಂದ ಎಣಿಸಿ ತಗೊಂಡಾರ. ಖಾಲಿ ಡಬ್ಬಿ ನನಗ ಬಿಟ್ಟರು.”

“ಒಳಗ ಸದ್ದ ಬರ್ತದಲ್ಲ ಚಾಚಾ?”

ಮೊರ ಕೆಳಗಿಟ್ಟರು. “ಸದ್ದಾ? ನೆನಪಿಲ್ರಿ.”

“ಅಬ್ಬಾಗ ಮುಂಜಾನಿ ನಾಷ್ಟಾ ನೆನಪಿರಲ್ರಿ ಅಣ್ಣಾ,” ಎಂದಳು ಮಗಳು ಲತೀಫಾ. ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು. ಪೊಲೀಸರು, ಟೀವಿ — ನಾನು ಹೇಳದೆ ಬಿಟ್ಟದ್ದೆಲ್ಲ ಅವಳಿಗೆ ಅರ್ಥವಾಗಿತ್ತು.

ಮೂವರೂ ಬಸವಕಲ್ಯಾಣಕ್ಕೆ ಬಂದೆವು. ಲತೀಫಾಳನ್ನೂ ವಿದ್ಯಾವತಿಯನ್ನೂ ಪಕ್ಕದ ಮನೆಗೆ ಕಳುಹಿಸಿದೆ. ದೂರದಿಂದ ಗುರುತಿಸಿದರೆ ಸಾಕು, ಮುಟ್ಟುವುದು ಬೇಡ ಎಂದು ಚಾಚಾಗೆ ಹೇಳಿಯೇ ಮೇಲೆ ಕರೆದೊಯ್ದೆ. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಬಾಗಿ ಮರಳಿನಿಂದ ಡಬ್ಬಿ ಎತ್ತಿಯೇಬಿಟ್ಟರು.

ಎತ್ತಿದವರ ಹೆಬ್ಬೆರಳು ತಾನಾಗಿ ಮುಚ್ಚಳದ ಅಂಚಿನ ಒಂದು ತಗ್ಗಿಗೆ ಹೋಗಿ ಕುಳಿತಿತು. ಮುಖ ಬದಲಾಯಿತು.

“ಅರೇ… ಇದರಾಗ ನಾ ಸುಣ್ಣ ಇಡ್ತಿದ್ದೆ ನೋಡ್ರಿ.”

“ಚಾಚಾ, ಬ್ಯಾಡ್ರಿ —”

ಒತ್ತಿ ತಿರುಗಿಸಿದರು. ಕಟ್ ಎಂದಿತು. ನಾನು ಕಣ್ಣು ಮುಚ್ಚಿದ್ದೆ ಎಂದು ಬರೆಯುವುದು ಪ್ರಾಮಾಣಿಕವಾದದ್ದು.

ಕಲ್ಲಾದ ಸುಣ್ಣದ ಒಂದು ಹೆಂಟೆ. ಎರಡು ಗೋಟಡಿಕೆ, ಗುಂಡಿನಷ್ಟು ಗಟ್ಟಿ. ಬೇರೇನೂ ಇಲ್ಲ. ತಳ ತಟ್ಟಿ, ಬೆಳಕಿಗೆ ಹಿಡಿದು ನೋಡಿದೆ. ಬೇರೇನೂ ಇಲ್ಲ.

ಮರಳಿನ ಬಕೆಟ್ಟಿನ ಪಕ್ಕದಲ್ಲೇ ಕುಳಿತುಬಿಟ್ಟೆ. ಚಾಚಾ ಒಂದು ಅಡಿಕೆಯನ್ನು ಒರೆಸಿ ನನ್ನ ಮುಂದೆ ಹಿಡಿದರು. “ತಗೋರಿ ಸಾಬ್. ಹೊಡೀತದೇನ್ ನೋಡ್ರಿ.” ನಗುನಗುತ್ತ ಅವರಿಗೆ ಕೆಮ್ಮು ಬಂತು. ನನಗೂ ನಗು ಬಂತು, ನಿಲ್ಲಿಸಲಾಗಲಿಲ್ಲ.

ವಿದ್ಯಾವತಿ ಮೇಲೆ ಬಂದು ಡಬ್ಬಿ ನೋಡಿ, ನನ್ನನ್ನು ನೋಡಿ, ಇಷ್ಟೇ ಹೇಳಿದಳು: “ಬುಧವಾರದಿಂದ ಸರಿಯಾಗಿ ಉಂಡಿಲ್ಲ ನೀವು. ಬರ್ರಿ ಕೆಳಗ, ಎಲ್ಲಾರೂ.”

ಹೋಗುವ ಮುನ್ನ ಲತೀಫಾ ಕೋಣೆಯನ್ನು ನೋಡಲು ಬಂದಳು. ಸುತ್ತಿಗೆ, ಬೀಟರ್, ಸಬ್ಬಲ್ — ಎಲ್ಲದರ ಕೆಳಗೂ ನೋಡಿದಳು. ಮತ್ತೊಮ್ಮೆ ನೋಡಿದಳು.

“ಅಣ್ಣಾ, ಉಳಿದವರ ಹೆಸರು ಅದಾವ. ಅಬ್ಬಾ ಹೆಸರು ಯಾವದರ ಕೆಳಗೂ ಇಲ್ಲಲ್ಲ?”

“ಗುರುವಾರ ತೆಗೆದೆನಮ್ಮ.”

ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಚಾಚಾ ಬೀಟರನ್ನು ಗೋಡೆಯಿಂದ ಬಿಡಿಸಿ, ಹೀಗೆ ಹಿಡಿಯಬೇಕು, ಹಳಿಯ ಕೆಳಗೆ ಜಲ್ಲಿ ಹೀಗೆ ಬಡಿಯಬೇಕು ಎಂದು ವಿದ್ಯಾವತಿಗೆ ತೋರಿಸುತ್ತಿದ್ದರು.

“ಮತ್ತ ಹಚ್ಚತೇನಿ,” ಎಂದೆ.

“ದೊಡ್ಡ ಅಕ್ಷರದಾಗ ಹಚ್ರಿ,” ಎಂದಳು. “ಅಬ್ಬಾಗ ಕಣ್ಣೂ ಮಂದ.”

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ

ಚೀಟಿಗಳನ್ನು ಮೊದಲಿದ್ದ ಸ್ಥಾನಗಳಲ್ಲಿಯೇ ಹಚ್ಚಿಯಾಯಿತು. ಈಗ ಅಕ್ಷರ ಬಾಗಿಲಿನಿಂದಲೂ ಓದಲು ಬರುತ್ತದೆ. ವಿದ್ಯಾವತಿ ಅಂಟು ಹಿಡಿದುಕೊಂಡು ನಿಂತಿದ್ದಾಳೆ. ಡಬ್ಬಿಯದೊಂದೇ ಬಾಕಿ. ಅಡಿಕೆ, ಸುಣ್ಣ ಒಳಗೇ ಇರಲಿ, ಮುಚ್ಚಳ ತೆರೆದಿಡಿ ಎಂಬುದು ಅವಳ ಸಲಹೆ. ಸರಿಯೆನಿಸಿತು.

ಉಪಯೋಗ: ಮಂಜಿನಲ್ಲಿ ರೈಲು ನಿಲ್ಲಿಸುವ ಪಟಾಕಿ ಇಡಲು, ಅನಂತರ ಸುಣ್ಣ, ಅಡಿಕೆ.

ಕೊಟ್ಟವರು: ಮಹೆಬೂಬ ಸಾಬ್, ಮುಕಾದಮರು, ಮುಡಬಿ. ಮುಚ್ಚಳ ತೆರೆದವರೂ ಇವರೇ.