ಮಾವನ ಸಬ್‌ಮರೀನಿಗೆ ಒಂದು ಸ್ವಿಚ್

ಮಾರ್ಚ್ 4, ಬೆಳಗ್ಗೆ

ಇವತ್ತೂ ಅಡುಗೆಮನೆ ಸಿಂಕಿನಲ್ಲೇ ಮುಖ ತೊಳೆದೆ. ಬಾತ್‌ಟಬ್ಬಿನಲ್ಲಿ ಮಾವನ ಸಬ್‌ಮರೀನ್ ಮಲಗಿದೆ — ನನ್ನ ತೋಳಿನಷ್ಟು ಉದ್ದ, ಹಳದಿ ಬಣ್ಣ, ರಿಮೋಟಿನಲ್ಲಿ ಓಡುವ ಮಾಡೆಲ್. ಹೊಟ್ಟೆಯ ಟ್ಯಾಂಕಿಗೆ ನೀರು ತುಂಬಿದರೆ ಮುಳುಗುತ್ತದೆ, ಹೊರಹಾಕಿದರೆ ಏಳುತ್ತದೆ. ಎರಡಕ್ಕೂ ಒಂದೇ ಪಂಪ್. ಮೋಟರ್ ಎರಡೂ ಕಡೆ ತಿರುಗಬೇಕು. ತಿರುಗಿಸುವ ಸ್ವಿಚ್ಚೇ ಇನ್ನೂ ಇಲ್ಲ. ಮಾವನಿಗೆ ಕಣ್ಣಿನ ಆಪರೇಷನ್ ಆಗಿದೆ, ಬೆಸುಗೆ ಹಾಕುವಂತಿಲ್ಲ.

"ಸ್ವಿಚ್ ನೀನೇ ಆರ್ಸಿ ಹಾಕು. ದಿನಾ ಅಂಗಡೀಲಿ ಹೊಲಿಗೆ ಮೆಷಿನ್ ಮೋಟರ್ ಬಿಚ್ತೀಯಲ್ಲ."

ಒಂದು ಸ್ಕ್ರೂ ಮುಟ್ಟಲು ಬಿಡದವರು! ಹೆದರಿಕೆಯಾಯಿತು. ಇದರ ಹಿಂದೆ ಮಾಡಿದ್ದು ಕೊಳದ ಕೆಸರು ಸೇರಿದಾಗ ತಿಂಗಳುಗಟ್ಟಲೆ ಮೌನವ್ರತ. ಅತ್ತೆ ಹೋದ ಮೇಲೆ ಅವರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಈ ಕೆಲಸವೊಂದೇ. ಇದೂ ಹೋದರೆ ಇನ್ನು ಯಾವುದನ್ನೂ ಮುಟ್ಟುವುದಿಲ್ಲ ಅಂದಿದ್ದಾರೆ. ಆಡಿದ್ದನ್ನು ಮಾಡಿ ತೋರಿಸುವ ಆಸಾಮಿ.

ಮಾರ್ಚ್ 6

ಮಾಡೆಲ್ ಅಂಗಡಿಯವ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೊಟ್ಟ. ಪುಟ್ಟದು, ಮುದ್ದಾಗಿದೆ. ಮನೆಗೆ ತಂದು ನೋಡಿದರೆ ಆಟದ ಕಾರಿನದು! ರಿಮೋಟಿನ ಸ್ಟಿಕ್ ಹಿಂದಕ್ಕೆ ಎಳೆದರೆ ಮೊದಲು ಬ್ರೇಕ್. ಬಿಟ್ಟು ಮತ್ತೆ ಎಳೆದರೆ ಮಾತ್ರ ರಿವರ್ಸ್. ಗಾಬರಿಯಲ್ಲಿ ಮಾವ ಬಿಟ್ಟು ಎಳೆಯುತ್ತಾರೆಯೇ? ಹಿಡಿದ ಪಟ್ಟು ಬಿಟ್ಟವರೇ ಅಲ್ಲ. ವಾಪಸ್ ಕೊಟ್ಟೆ.

"ಮೇಡಂ, ಇದು ಲೇಟೆಸ್ಟು..."

"ನಮ್ಮನೆ ಡ್ರೈವರ್ ಹಳೇ ಕಾಲದೋರು ಕಣಪ್ಪ."

ಮಾರ್ಚ್ 9

ತೀರ್ಮಾನವಾಯಿತು. ಎರಡು ಮೈಕ್ರೋಸ್ವಿಚ್, ಉಗುರಿನಷ್ಟು ಪುಟ್ಟ ಒತ್ತುಗುಂಡಿಗಳು. ನಡುವೆ ಸರ್ವೋ — ರಿಮೋಟ್ ಹೇಳಿದಂತೆ ಅತ್ತಿತ್ತ ವಾಲುವ ಪುಟ್ಟ ತೋಳು. ಅತ್ತ ಒತ್ತಿದರೆ ನೀರು ಒಳಗೆ, ಇತ್ತ ಒತ್ತಿದರೆ ಹೊರಗೆ. ನಡುವೆ ನಿಂತರೆ ಪಂಪ್ ಬಂದ್. ಟಕ್, ಟಕ್. ಟಬ್ಬಿನಲ್ಲಿ ನಾನೇ ಓಡಿಸಿ ನೋಡಿದೆ, ಬೆಣ್ಣೆಯಂತೆ ಕೆಲಸ ಮಾಡಿತು.

ಜೊತೆಗೆ ಇನ್ನೊಂದು: ಫೇಲ್‌ಸೇಫ್. ರಿಮೋಟಿನ ಸಿಗ್ನಲ್ ನಿಂತರೆ ತೋಳು ತಾನಾಗಿ ಇತ್ತ ವಾಲಿ ನೀರು ಹೊರಹಾಕುತ್ತದೆ. ಮಾವನಿಗೆ ಅದರ ಹೆಸರೆತ್ತಿದರೇ ಆಗದು. "ಹೇಡಿ ಸ್ವಿಚ್ಚು ಅದು. ಓಡ್ಸೋಕೆ ಬರ್ದೋರು ಹಾಕ್ಸ್ಕೋತಾರೆ."

ಹೇಳದೆ ಕೂರಿಸಿದೆ.

ಮಾರ್ಚ್ 15, ಸಂಜೆ

ಆದದ್ದನ್ನೆಲ್ಲ ಬರೆದುಬಿಡುತ್ತೇನೆ.

ಪಾರ್ಕಿನ ಕೊಳ. ದಡದಲ್ಲೇ ಆಳ, ಇಳಿಯುವಂತಿಲ್ಲ. "ನೀನು ಮುಳುಗ್ಸು, ನಾನು ಎತ್ತೀನಿ," ಅಂತ ಮಾವ ರಿಮೋಟ್ ಕೊಟ್ಟರು. ಸ್ಟಿಕ್ ತಳ್ಳಿದೆ. ಚೆಂದವಾಗಿ ಮುಳುಗಿತು. ಮಾವನ ಮುಖ ಊರಗಲ. ರಿಮೋಟ್ ಕಸಿದುಕೊಂಡು, ಮೇಲೆ ಬರಲಿ ಅಂತ ಸ್ಟಿಕ್ ಮೇಲಕ್ಕೆ ತಳ್ಳಿದರು. ಇನ್ನೂ ಕೆಳಗೆ ಹೋಯಿತು. ಇನ್ನೂ ತಳ್ಳಿದರು. ಕಾಣದಂತಾಯಿತು.

ಆಗ ಹೊಳೆಯಿತು. ಹೊಲಿಗೆ ಮೆಷಿನ್‌ನಲ್ಲಿ ರಿವರ್ಸ್ ಬೇಕಾದರೆ ಲಿವರ್ ಕೆಳಕ್ಕೆ ಒತ್ತುವುದು. ಇಷ್ಟು ವರ್ಷ ಒತ್ತಿ ಒತ್ತಿ ನನ್ನ ಕೈಗೆ ರಿವರ್ಸ್ ಅಂದರೆ ಕೆಳಗೆ. ಪಂಪಿನ ರಿವರ್ಸ್, ಅಂದರೆ ನೀರು ಹೊರಹಾಕುವುದನ್ನು, ಸ್ಟಿಕ್ಕಿನ ಕೆಳಗಡೆಗೇ ಇಟ್ಟಿದ್ದೆ!

"ಮಾವ, ಕೆಳಗೆ ಎಳೀರಿ, ಕೆಳಗೆ!"

"ಕೆಳಗೇ ಹೋಗಿದ್ಯಲ್ಲೇ! ಮುಗೀತು, ಬಿಡು."

ರಿಮೋಟ್ ಆಫ್ ಮಾಡಿ ನನ್ನ ಕೈಗಿಟ್ಟು ಬೆನ್ನು ತಿರುಗಿಸಿ ನಡೆದರು. ಆನ್ ಮಾಡಲು ಹೋದವಳು ನಿಲ್ಲಿಸಿದೆ. ಆಫ್! ಸಿಗ್ನಲ್ ನಿಂತಿದೆ... ಉಸಿರು ಬಿಗಿಹಿಡಿದು ನೀರನ್ನೇ ನೋಡಿದೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಪೆರಿಸ್ಕೋಪ್. ಆಮೇಲೆ ಹಳದಿ ಬೆನ್ನು!

"ಮಾವಾ!"

ಕಪ್ಪು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ಹುಲ್ಲಿನ ಮೇಲೆ ಕುಸಿದು ಕುಳಿತು ನಕ್ಕರು. ನಾನು ಅತ್ತುಬಿಟ್ಟೆ. ಹೋದ ಜೀವ ಬಂದಂತಾಯಿತು.

"ಹೇಡಿ ಸ್ವಿಚ್ ಹಾಕಿದ್ಯಾ?"

"ಹೂಂ."

"ಒಳ್ಳೇದಾಯ್ತು ಮಗಳೇ."

ಮಾರ್ಚ್ 16

ಬೆಳಗ್ಗೆಯೇ ಮಾವ ಹೊಸದೊಂದರ ಚಿತ್ರ ಬರೆಯಲು ಕುಳಿತಿದ್ದರು. ಇದಕ್ಕಿಂತ ದೊಡ್ಡದಂತೆ. ಟಬ್ಬಿನ ಗತಿ ದೇವರೇ ಬಲ್ಲ. ಎದೆ ಎಷ್ಟು ಹಗುರಾಗಿದೆ ಅಂದರೆ ಜಗಳವಾಡಲೂ ಮನಸ್ಸಿಲ್ಲ.

ಪಂಪಿನ ಎರಡು ವೈರ್ ಅದಲು ಬದಲು ಮಾಡಿದೆ. ಈಗ ಸ್ಟಿಕ್ ಮೇಲೆ ಅಂದರೆ ಸಬ್‌ಮರೀನ್ ಮೇಲೆ. ಹೇಡಿ ಸ್ವಿಚ್ಚಿನ ಹುಚ್ಚು ಹಿಡಿದಿದೆ ಅವರಿಗೆ. ಟಬ್ಬಿನಲ್ಲಿ ಮುಳುಗಿಸುವುದು, ರಿಮೋಟ್ ಆಫ್ ಮಾಡುವುದು, ಎದ್ದು ಬರುವುದನ್ನು ನೋಡಿ ಚಪ್ಪಾಳೆ ತಟ್ಟುವುದು — ಬೆಳಗ್ಗೆಯಿಂದ ಇದೇ ಆಟ. ವೈರ್ ಬದಲಾದ ಮೇಲೂ ಮತ್ತೆ ಶುರು. ಈಗ ಕೂಗುತ್ತಿದ್ದಾರೆ, "ಮಗಳೇ, ಆಫ್ ಮಾಡ್ದೆ, ಏಳ್ತಾನೇ ಇಲ್ವಲ್ಲೇ!"

ಅಯ್ಯೋ. ಪಂಪ್ ತಿರುಗಿಸಿದೆ, ಫೇಲ್‌ಸೇಫ್ ತಿರುಗಿಸುವುದನ್ನು ಮರೆ—