ಮಡಿಕೇರಿಯ ಏರುಗಳನ್ನೆಲ್ಲಾ ಹತ್ತಿದೆ

ರಾಜಾಜಿನಗರ, ಬೆಂಗಳೂರು
೨-೨-೧೯೫೮

ಪ್ರೀತಿಯ ವೆಂಕಟಗಿರಿಗೆ ಅಕ್ಕನ ಹರಕೆಗಳು.

ನಿನ್ನ ಮೈ ಹೇಗಿದೆ? ಚಳಿಗೆ ಎದೆ ಕಟ್ಟುತ್ತಿದೆ ಅಂತ ಬರೆದಿದ್ದೀಯ. ಮಲಗುವ ಮುಂಚೆ ಬಿಸಿ ಹಾಲಿಗೆ ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ ಕುಡಿ. ಅಂಬುಜಾ ಬಾಣಂತಿ, ಅವಳನ್ನು ಎಬ್ಬಿಸಬೇಡ, ನೀನೇ ಕಾಯಿಸಿಕೋ. ನನ್ನ ಮಂಡಿಯ ಊತ ಇಳಿದಿದೆ. ಮಹಿಳಾ ಸಮಾಜದ ಹೊಲಿಗೆ ಕ್ಲಾಸಿಗೆ ಮತ್ತೆ ಹೋಗುತ್ತಿದ್ದೇನೆ. ನಮ್ಮ ಬ್ಲಾಕಿಗೆ ನಲ್ಲಿ ಬಂದಿದೆ, ನೀರು ಮಾತ್ರ ಬೆಳಗಿನ ಜಾವ ಒಂದು ಗಂಟೆ. ಪಕ್ಕದ ಮನೆ ಜಗದಾಂಬಾ ನಿನ್ನನ್ನು ದಿನಾ ಕೇಳುತ್ತಾಳೆ. ಮಡಿಕೇರಿ ಹೇಗಿತ್ತು ಅಂತಲೂ ಕೇಳುತ್ತಾಳೆ. ಚೆನ್ನಾಗಿತ್ತು ಅಂದಿದ್ದೇನೆ.

ಹೇಳದೆ ಕೇಳದೆ ಯಾಕೆ ಹೊರಟುಬಿಟ್ಟೆ ಅಂತ ನಿನ್ನ ಕಾಗದದಲ್ಲಿ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಇವತ್ತು ಭಾನುವಾರ ಕೂತೆ. ಎರಡು ವರ್ಷದಿಂದ ನೀನು ಒಂದೇ ಸಮ ಬರೆಯುತ್ತಿದ್ದೆ: ಅಕ್ಕಾ, ನಮ್ಮ ಸ್ಕೂಲಿನ ಊರು ರಾಜರ ಊರು, ಕೋಟೆ ಇದೆ, ಗದ್ದಿಗೆ ಇದೆ, ನೀನು ಒಂದು ಸಲ ಬಂದು ನೋಡಲೇಬೇಕು ಅಂತ. ಸಂಕ್ರಾಂತಿಗೆ ಸಮಾಜಕ್ಕೆ ರಜ ಬಂತು, ವಾರದ ಮುಂಚೆಯೇ ನಿನಗೊಂದು ಕಾರ್ಡು ಹಾಕಿ ಹೊರಟುಬಿಟ್ಟೆ. ಅಂಬುಜಾ ಮಗು ಎತ್ತಿಕೊಂಡು ಇನ್ನೂ ಮೈಸೂರಿನಲ್ಲಿ ತಾಯಿಮನೆಯಲ್ಲೇ ಇದ್ದಾಳೆ ಅಂತ ನೀನೇ ಬರೆದಿದ್ದೆ. ಒಬ್ಬನೇ ಇದ್ದಾನೆ, ಎರಡು ದಿನ ಬಾಯಿಗೆ ರುಚಿಯಾಗಿ ಅಡಿಗೆ ಮಾಡಿ ಹಾಕಿ ಬರೋಣ ಅಂದುಕೊಂಡೆ. ಮಗುವಿಗೆ ಅಂತ ಉಲ್ಲನ್ನಿನ ಕುಲಾವಿ ಹೆಣೆದಿದ್ದೆ, ನಿನ್ನ ಕೈಲಿ ಕೊಟ್ಟರೆ ಮೈಸೂರಿಗೆ ಕಳಿಸುತ್ತೀಯ ಅಂತ ಚೀಲದಲ್ಲಿ ಇಟ್ಟುಕೊಂಡೆ.

ಬುಧವಾರ ಬಸ್ಸಿಳಿದಾಗ ನೀನು ನಿಂತಿದ್ದೆ. ಮುಖ ಬಾಡಿತ್ತು. ಸ್ಕೂಲಿನ ಕೆಲಸ ಜಾಸ್ತಿ ಏನೋ ಅಂದುಕೊಂಡೆ. ಮನೆಗೆ ಅಂತ ಹೊರಟರೆ ನೀನು ಪೇಟೆಯ ಹೋಟಲಿನ ಮಹಡಿ ರೂಮಿಗೆ ಕರೆದುಕೊಂಡು ಹೋದೆ. "ಮನೆ ಗುಡ್ಡದ ತುದೀಲಿದೆ ಅಕ್ಕಾ, ಮೆಟ್ಟಿಲು ಜಾಸ್ತಿ, ನಿನ್ನ ಮಂಡೀಗೆ ಆಗಲ್ಲ. ಒಲೇನೂ ಹಚ್ಚಲ್ಲ ನಾನು" ಅಂದೆ. ನಂಬಿದೆ. ನೀನು ಹೇಳಿದ್ದನ್ನು ನಂಬದೇ ಇರೋದು ನನಗೆ ಅಭ್ಯಾಸವಿಲ್ಲ. ಪರೀಕ್ಷೆ ಕೆಲಸ ಅಂತ ಹೇಳಿ ಸ್ಕೂಲಿನ ಜವಾನ ಶಂಭುಲಿಂಗಪ್ಪನನ್ನು ಜೊತೆಗೆ ಹಾಕಿದೆ.

ಪಾಪ, ಒಳ್ಳೆಯ ಮನುಷ್ಯ. ಗುರುವಾರವೆಲ್ಲಾ ಆ ಊರು ಸುತ್ತಿಸಿದ. ಅಲ್ಲಿ ಒಂದು ಮಾರು ಜಾಗವೂ ಸಮ ಇಲ್ಲ ಕಣೋ. ಏರುವಾಗ ಉಸಿರು ನಿಲ್ಲುತ್ತೆ, ಇಳಿಯುವಾಗ ಮಂಡಿ ನಿಲ್ಲುತ್ತೆ. ಶಂಭುಲಿಂಗಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ, ಏನೋ ತೋರಿಸೋ ನೆಪದಲ್ಲಿ ನನಗಾಗಿ ನಿಲ್ಲುತ್ತಿದ್ದ. ಕೋಟೆ ಹತ್ತಿದೆ. ಒಳಗೆ ಕಲ್ಲಾನೆಗಳ ಮುಂದೆ ಕಚೇರಿಯ ಗುಮಾಸ್ತರು ಬಿಸಿಲು ಕಾಯಿಸುತ್ತಾ ನಿಂತಿದ್ದರು. ಇಳಿದು ಓಂಕಾರೇಶ್ವರನಿಗೆ ಕೈ ಮುಗಿದೆ, ನಿನ್ನ ಹೆಸರಿಗೂ ನಿನ್ನ ಮಗುವಿಗೂ ಅರ್ಚನೆ ಮಾಡಿಸಿದೆ. ಸಂಜೆ ರಾಜಾ ಸೀಟಿನಲ್ಲಿ ಕೂತೆ. ಕಣಿವೆಯ ಮೇಲೆ ಮಂಜು ಏಳೋದನ್ನು ನೋಡುತ್ತಾ, ನನ್ನ ತಮ್ಮ ಎಂಥ ಊರಿನಲ್ಲಿ ಮೇಷ್ಟ್ರಾಗಿದ್ದಾನೆ ಅಂತ ಹೆಮ್ಮೆಪಟ್ಟೆ.

ಶುಕ್ರವಾರ ಬೆಳಿಗ್ಗೆ ಅವನು ಗದ್ದಿಗೆಗೆ ಕರೆದುಕೊಂಡು ಹೋದ. ರಾಜರ ಸಮಾಧಿಯ ಮುಂದಿನ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ. "ತಾವು ಮೇಷ್ಟ್ರಿಗೆ ಏನಾಗ್ಬೇಕು ತಾಯಿ?" ಅಂತ ಕೇಳಿದ. ಅಕ್ಕ, ಅಂದೆ. ಇಪ್ಪತ್ತು ದಿನದ ಕೂಸಾಗಿದ್ದಾಗಿಂದ ಸಾಕಿದ್ದೇನೆ, ಅಂದೆ. ಅವನು ಎದ್ದು ನಿಂತುಬಿಟ್ಟ. "ಬೆಂಗಳೂರಿನ ಕಡೆ ಪರಿಚಯದೋರು ಅಂದಿದ್ರು ನಂಗೆ. ಇವತ್ತು ಮನೇಲಿ ಮಗೂಗೆ ಹೆಸರಿಡ್ತಾ ಇದಾರಲ್ಲಾ ತಾಯಿ, ತಾವು ಹೋಗಲ್ವಾ?"

ದಾರಿ ತೋರಿಸು ಅಂದೆ. ನಿನ್ನ ಮನೆಗೆ ಒಂದು ಮೆಟ್ಟಿಲೂ ಹತ್ತಬೇಕಾಗಿರಲಿಲ್ಲ, ವೆಂಕಟಗಿರಿ. ಹೋಟಲಿನ ಹಿಂದಿನ ಬೀದಿ. ಬಾಗಿಲಿಗೆ ತೋರಣ, ರಂಗೋಲಿ, ಒಳಗಿನಿಂದ ತುಪ್ಪದ ವಾಸನೆ. ನೀನು ಮಡಿ ಉಟ್ಟುಕೊಂಡು ತೊಡೆಯ ಮೇಲೆ ಮಗು ಮಲಗಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅಂಬುಜಾ, ಸುತ್ತ ಅವಳ ಕಡೆಯವರು. ನನ್ನನ್ನು ಮೊದಲು ನೋಡಿದವರು ನಿನ್ನ ಅತ್ತೆ. ಅವರು ನನ್ನ ಬೋಳು ಹಣೆ ನೋಡಿ ಸೆರಗು ಎಳೆದು ಮಗುವಿನ ಮುಖಕ್ಕೆ ಅಡ್ಡ ಮಾಡಿದರು, ಅಷ್ಟೆ.

ನೀನು ಬರಿಗಾಲಲ್ಲಿ ಗೇಟಿನವರೆಗೂ ಓಡಿ ಬಂದೆ. ನನಗೆ ಒಂದು ಗಳಿಗೆ ಸಂತೋಷವೇ ಆಯಿತು, ಒಳಗೆ ಕರೆಯುತ್ತಾನೆ ಅಂತ. ನೀನು ಮೆಲ್ಲಗೆ ಅಂದೆ: "ಅವರೆಲ್ಲಾ ಹಳೇ ಕಾಲದೋರು ಅಕ್ಕಾ. ಶುಭಕಾರ್ಯ. ನೀನು ರೂಮಿಗೆ ಹೋಗಿರು, ಊಟ ಅಲ್ಲಿಗೇ ಕಳಿಸ್ತೀನಿ." ನಾನು ಕೇಳಿದ್ದು ಒಂದೇ, ಮಗು ತೋರಿಸೋ ಅಂತ. ನೀನು ಒಳಗೆ ತಿರುಗಿ ನೋಡಿದೆ. ಪುರೋಹಿತರು ಕರೆದರು. ನೀನು ಒಳಗೆ ಹೋದೆ.

ಹತ್ತೊಂಬತ್ತನೇ ವಯಸ್ಸಿಗೆ ಕುಂಕುಮ ಅಳಿಸಿಕೊಂಡು ತವರಿಗೆ ಬಂದವಳು ನಾನು. ಅದೇ ತಿಂಗಳು ಅಮ್ಮ ನಿನ್ನನ್ನು ಹೆತ್ತು, ಇಪ್ಪತ್ತನೇ ದಿನಕ್ಕೆ ತೀರಿಹೋದಳು. ನನ್ನ ಮುಖ ನೋಡಿದರೆ ಅಪಶಕುನ ಅಂದವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು. ಅದೇನೂ ಹೊಸದಲ್ಲ. ನೀನು ಆ ಮುಖ ನೋಡಿಕೊಂಡೇ ದಿನಾ ಏಳುತ್ತಿದ್ದೆ, ಇಪ್ಪತ್ತು ವರ್ಷ. ನಿನಗೆ ಏನು ಕೆಟ್ಟದ್ದಾಯಿತು ಅಂತ ಒಂದು ಮಾತು ಅವರಿಗೆ ಹೇಳಬಹುದಿತ್ತು. ಹೇಳಲು ಧೈರ್ಯವಿಲ್ಲದಿದ್ದರೆ, ಬರಬೇಡ ಅಂತ ನನಗಾದರೂ ಬರೆಯಬಹುದಿತ್ತು. ನಾನು ಬರುತ್ತಿರಲಿಲ್ಲ. ಅದು ಬಿಟ್ಟು ಊತ ಬಂದ ಮಂಡಿಯಲ್ಲಿ ನನ್ನನ್ನು ರಾಜರ ಗೋರಿ ನೋಡಲು ಕಳಿಸಿದೆ.

ನೀನು ಕಳಿಸಿದ ಊಟ ಬರೋ ಮುಂಚೆಯೇ ಮಧ್ಯಾಹ್ನದ ಬಸ್ಸು ಹತ್ತಿದೆ. ಕುಲಾವಿಯನ್ನು ಮೊಮ್ಮಗುವಿಗೆ ಅಂತ ಶಂಭುಲಿಂಗಪ್ಪನ ಕೈಲಿ ಕೊಟ್ಟೆ. ಬಸ್ಸು ಹೊರಡುವವರೆಗೂ ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ಅವನನ್ನು ಬೈಯಬೇಡ.

ಅಂಬುಜಾಳ ಮೇಲೆ ನನಗೆ ಕೋಪವಿಲ್ಲ. ಮಗುವಿಗೆ ಏನು ಹೆಸರಿಟ್ಟಿರಿ ಅಂತ ನೀನು ಬರೆದಿಲ್ಲ. ಯಾವ ಹೆಸರಾದರೂ ಇರಲಿ, ಆಯಸ್ಸು ಆರೋಗ್ಯ ಕೂಡಿ ಬಾಳಲಿ.

ಇತಿ,
ನಿನ್ನ ಅಕ್ಕ
ಸೀತಾ

ಮರೆತೆ: ನಿನ್ನ ಅತ್ತೆ ಶಿವರಾತ್ರಿಗೆ ಮೈಸೂರಿಗೆ ಹೊರಡುತ್ತಾರೆ, ಮಗುವಿಗೆ ನೀರು ಹಾಕುವವರಿಲ್ಲ, ಆಮೇಲೆ ಬಂದು ಆರು ತಿಂಗಳು ಇರು ಅಂತ ಕಾಗದದ ಕೊನೆಯಲ್ಲಿ ಬರೆದಿದ್ದೀಯ. ನಾನು ಬರೋದಿಲ್ಲ. ನೀರು ಹಾಕುವಾಗ ಕಿವಿಗೆ ಅಂಗೈ ಅಡ್ಡ ಹಿಡಿಯೋದಕ್ಕೆ ಅಂಬುಜಾಗೆ ಹೇಳು. ನಿನಗೆ ನಾನು ಹಾಗೆಯೇ ಹಿಡಿಯುತ್ತಿದ್ದೆ.