ಆಸ್ಪತ್ರೆಯ ಸುತ್ತ ಓಟ

ಮಾರ್ಚ್ ೧೨, ಮಂಗಳವಾರ

ಇವರು ಹೇಳಿದ್ದಕ್ಕಿಂತ, ಅದನ್ನು ಕೇಳಿದಾಗ ನನಗೆ ಹೊಳೆದದ್ದೇ ಇನ್ನೂ ಚುಚ್ಚುತ್ತಿದೆ.

ಮನೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಮಕ್ಕಳ ಡಬ್ಬಿ, ಅತ್ತೆಯ ಸ್ನಾನ, ಆಮೇಲೆ ಹೊಲಿಗೆ ಅಂಗಡಿ. ಮಂಗಳವಾರ, ಗುರುವಾರ, ಶನಿವಾರ ಇವರು ಡಯಾಲಿಸಿಸ್‌ಗೆ ಮಲಗಿದ ಹೊತ್ತು ಮಾತ್ರ ನನ್ನದು. ಸಿಸ್ಟರ್ ಸೂಜಿ ಚುಚ್ಚಿ ಹೋದ ಮೇಲೆ ಬೂಟಿನ ಲೇಸು ಬಿಗಿದು ಆಸ್ಪತ್ರೆಯ ಸುತ್ತ ಓಡುತ್ತೇನೆ. ಪ್ರತಿ ಸುತ್ತಿಗೂ ಇವರ ಕಿಟಕಿ ಬರುತ್ತದೆ, ಕೈ ಎತ್ತುತ್ತೇನೆ. "ಗಂಡನಿಗೆ ಪ್ರಾಣಸಂಕಟ, ಇವ್ರಿಗೆ ಓಟ" ಎಂದು ವಾಚ್‌ಮನ್ ಮೊದಮೊದಲು ಗೊಣಗುತ್ತಿದ್ದ. ಈಗ ಆಂಬುಲೆನ್ಸ್ ಬಂದರೆ ಅವನೇ ಸೀಟಿ ಊದಿ ನನ್ನನ್ನು ಎಚ್ಚರಿಸುತ್ತಾನೆ.

ಇವತ್ತು ಬೆವರೊರೆಸಿಕೊಂಡು ಪಕ್ಕದಲ್ಲಿ ಕೂತಾಗ ಇವರು ಮೆಲ್ಲಗೆ ಹೇಳಿದರು: "ಸಾಕು ಕಣೆ. ಇನ್ನು ಈ ಸೂಜಿ ಬೇಡ. ಎಷ್ಟು ದಿನ ಆಗುತ್ತೋ ಅಷ್ಟು ದಿನ ಮನೇಲೇ ಇದ್ದುಬಿಡ್ತೀನಿ."

ಹಾಗೆಂದರೇನು ಎಂದು ಇಬ್ಬರಿಗೂ ಗೊತ್ತು. ನಾನು ಅಳಬೇಕಿತ್ತು, ಬೈಯಬೇಕಿತ್ತು. ನನ್ನ ಹಾಳು ತಲೆಗೆ ಮೊದಲು ಬಂದದ್ದು, ಹಾಗಾದರೆ ನಾನು ಓಡುವುದು ಯಾವಾಗ ಎಂದು.

ಬಗ್ಗಿ ಬೂಟಿನ ಲೇಸು ಸಡಿಲಿಸಿದೆ. ಇವರು ಆ ಬೂಟನ್ನೇ ತುಂಬ ಹೊತ್ತು ನೋಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡು ಅಂದರು:

"ಗುರುವಾರ ಬರೋಣ ಬಿಡು. ನೀನು ಓಡ್ಬೇಕಲ್ಲ."